ಆ ಹೈದರಾಬಾದಿನವ ಇರಲೇ ಇಲ್ಲ

ಹೇಳಬೇಕಾದದ್ದು ಒಂದೇ ಮಾತು. ಈ ಆಟ ಆಡಿದವಳು ನನ್ನ ತಂಗಿ ಅಂತ. ಅದನ್ನು ನಾನು ಹೇಳಲಿಲ್ಲ. ಕೇಳುವವರು ಎದುರಿಗೆ ನಿಂತಿದ್ದರು. ತಂಗಿ ನನ್ನ ಪಕ್ಕದಲ್ಲೇ ಇದ್ದಳು. ನನ್ನ ಬಾಯಿಗೆ ಯಾರೂ ಬಟ್ಟೆ ತುರುಕಿರಲಿಲ್ಲ. ಆದರೂ ಹೇಳಲಿಲ್ಲ. ಬರೀ ಸುಮ್ಮನಿದ್ದಿದ್ದರೂ ಒಂದು ಮಾತಾಗಿತ್ತು. ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ.

ನಾನು ನಾಲ್ಕನೇ ತರಗತಿಗೇ ಶಾಲೆ ಬಿಟ್ಟವನು. ಬರೆದು ರೂಢಿಯಿಲ್ಲ. ಸಿಟ್ಟು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಮೊನ್ನೆ ಒಂದು ಮದುವೆಯಲ್ಲಿ ಬೀಗರ ಕಡೆಯ ಹುಡುಗನೊಬ್ಬ ಮೊಬೈಲಿನಲ್ಲಿ ಯಾವುದೋ ಆಟ ಆಡುತ್ತ ಕೂತಿದ್ದ. ಸುತ್ತ ಜನ ಬಗ್ಗಿ ನೋಡುತ್ತಿದ್ದರು. ಅವನು ಗೆದ್ದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವನ ತಾಯಿ ಊಟದ ಪಂಕ್ತಿಯಲ್ಲೆಲ್ಲ ಅದನ್ನೇ ಹೇಳಿಕೊಂಡು ತಿರುಗಿದಳು. ಅದು ತಪ್ಪಲ್ಲ, ತಾಯಿ ಹಾಗೇ ಇರಬೇಕು. ಆದರೆ ಆ ಹುಡುಗ ನನ್ನ ಕಡೆ ತಿರುಗಿ, "ತಾತಾ, ನಿಮ್ಮ ಕಾಲದಾಗ ಇವೆಲ್ಲ ಎಲ್ಲಿದ್ವು ಬಿಡ್ರಿ" ಅಂದ. ನನಗೆ ಅನ್ನ ಇಳಿಯಲಿಲ್ಲ.

ಇದ್ದವು. ರಾಯಚೂರಿನಲ್ಲೇ ಇದ್ದವು. ಈಗಿನಂತೆ ಕಿಸೆಯಲ್ಲಿ ಇಟ್ಟುಕೊಳ್ಳುವಂಥವಲ್ಲ, ಬೀರುವಿನಷ್ಟು ಎತ್ತರದವು. ಅವುಗಳ ಮುಂದೆ ಊರಿನ ಗಂಡುಹುಡುಗರೆಲ್ಲ ಸಾಲುಗಟ್ಟಿ ನಿಂತು ಸೋತು ಹೋಗುತ್ತಿದ್ದರು. ಅವರೆಲ್ಲರನ್ನೂ ಮೀರಿಸಿದವಳು ಒಬ್ಬ ಹುಡುಗಿ. ಅವಳಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರಿಗೂ ಗೊತ್ತಾಗದ ಹಾಗೆ ನಾನು ನೋಡಿಕೊಂಡೆ.

ನಮ್ಮದು ಮಾನ್ವಿ ತಾಲ್ಲೂಕಿನ ಮಲ್ಲಟ. ಅಪ್ಪ, ಅವ್ವ ಇಬ್ಬರೂ ಕೂಲಿ. ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ತಂಗಿ ಹುಟ್ಟಿದಳು. ಅವಳನ್ನು ಎತ್ತಿಕೊಳ್ಳಲು ಯಾರಾದರೂ ಬೇಕಿತ್ತು, ನನ್ನನ್ನು ಶಾಲೆ ಬಿಡಿಸಿದರು. ಅವ್ವ ಕಳೆ ಕೀಳಲು ಹೋದರೆ ನಾನು ಅವಳನ್ನು ಬಗಲಲ್ಲಿ ಇಟ್ಟುಕೊಂಡು ಊರೆಲ್ಲ ತಿರುಗುತ್ತಿದ್ದೆ. ಊರ ಕಟ್ಟೆಯ ಬಂಡೆಯ ಮೇಲೆ ಗೆರೆ ಕೊರೆದು ಹುಲಿ-ಕುರಿ ಆಟದ ಮನೆ ಮಾಡಿದ್ದರು. ಕುರಿ ಕಾಯುವ ಮುದುಕರು ಮಧ್ಯಾಹ್ನ ಅಲ್ಲಿ ಹರಳಿಟ್ಟುಕೊಂಡು ಆಡುತ್ತಿದ್ದರು. ನಮ್ಮ ಓಣಿಯವರು ಕಟ್ಟೆ ಹತ್ತುವಂತಿರಲಿಲ್ಲ. ಕೆಳಗೆ ನಿಂತು ನೋಡುತ್ತಿದ್ದೆವು. ತಂಗಿಗೆ ಆಗಿನ್ನೂ ಹಾಲುಹಲ್ಲು. ಒಂದು ದಿನ ಇದ್ದಕ್ಕಿದ್ದಂತೆ, "ಯಜ್ಜಾ, ಆ ಕುರಿ ಬ್ಯಾಡ, ಈ ಕಡಿ ಕುರಿ ನಡಸು" ಅಂದಳು. ಮುದುಕ ನಕ್ಕು ಅವಳು ತೋರಿಸಿದ್ದನ್ನೇ ನಡೆಸಿದ. ಹುಲಿ ಸಿಕ್ಕಿಬಿತ್ತು. "ಭಲೇ! ಯಾರ ಮಗಳಲೇ ಇಕಿ?" ಅಂದ. ನಾನು ಅಪ್ಪನ ಹೆಸರು ಹೇಳಿದೆ. ಆಮೇಲೆ ಅವನು ನಮ್ಮ ಕಡೆ ನೋಡಲಿಲ್ಲ. ತಂಗಿ ಮಾತ್ರ ಅವನು ಮುಂದಿನ ಕುರಿ ಯಾವುದು ಅಂತ ಕೇಳುತ್ತಾನೆ ಎಂದು ಕಾಯುತ್ತಲೇ ಇದ್ದಳು.

ಮುಂದೆ ಅಪ್ಪನಿಗೆ ರಾಯಚೂರಿನ ಹತ್ತಿಯ ಮಿಲ್ಲಿನಲ್ಲಿ ಹಮಾಲಿ ಕೆಲಸ ಸಿಕ್ಕಿತು. ಎಲ್ಲರೂ ಅಲ್ಲಿಗೇ ಬಂದೆವು. ತಂಗಿ ಶಾಲೆಗೆ ಹೋದಳು, ಪಾಸಾಗುತ್ತ ಹೋದಳು. ನಾನು ಮೊದಲು ಅಪ್ಪನ ಜೊತೆ ಹತ್ತಿಯ ಅಂಡಿಗೆ ಹೊತ್ತೆ, ಆಮೇಲೆ ತೀನ್ ಕಂದೀಲ್ ವೃತ್ತದ ಹತ್ತಿರ ಒಬ್ಬ ಸಾಹುಕಾರನ ಅಂಗಡಿ ಸೇರಿದೆ. ಅವನು ಟಿವಿ, ವಿಸಿಆರ್ ಬಾಡಿಗೆಗೆ ಕೊಡುತ್ತಿದ್ದ. ಟಿವಿಯನ್ನು ತಲೆಯ ಮೇಲೆ ಹೊತ್ತು ಓಣಿ ಓಣಿಗೆ ಮುಟ್ಟಿಸುವುದು ನನ್ನ ಕೆಲಸ. ಎಂಬತ್ತರ ದಶಕದ ನಡುವೆ ಎಲ್ಲರೂ ಸ್ವಂತ ಟಿವಿ ತರಲು ಶುರುಮಾಡಿದಾಗ ಸಾಹುಕಾರ ಹೈದರಾಬಾದಿಗೆ ಹೋಗಿ ಲಾರಿಯಲ್ಲಿ ಮೂರು ವಿಡಿಯೋ ಗೇಮ್ ಪೆಟ್ಟಿಗೆ ಹಾಕಿಸಿಕೊಂಡು ಬಂದ. ಅಂಗಡಿಯ ಹಿಂದಿನ ಗೋದಾಮನ್ನು ಖಾಲಿ ಮಾಡಿಸಿ, ಕಿಟಕಿಗೆ ಕಪ್ಪು ಬಟ್ಟೆ ಹೊಡೆಸಿ, ನನ್ನ ಕೈಗೆ ಆಟಕ್ಕೆ ಹಾಕುವ ಬಿಲ್ಲೆಗಳ ಒಂದು ಡಬ್ಬಿ ಕೊಟ್ಟು, "ಇನ್ನಮ್ಯಾಲೆ ಈ ಗೇಮ್ ಹಾಲು ನಿಂದು, ನೋಡ್ಕೋ" ಅಂದ.

ಆ ಪೆಟ್ಟಿಗೆಗಳಿಗೆ ಇಂಗ್ಲಿಷಿನಲ್ಲಿ ಏನೇನೋ ಹೆಸರಿದ್ದವು. ನಾವು ಒಂದಕ್ಕೆ ಕಾರಿನ ಆಟ, ಒಂದಕ್ಕೆ ಗೋಡೆ ಒಡೆಯುವ ಆಟ, ಒಂದಕ್ಕೆ ಹುಳದ ಆಟ ಅನ್ನುತ್ತಿದ್ದೆವು. ಹುಳದ ಆಟಕ್ಕೇ ಜನ ಹೆಚ್ಚು. ಕಪ್ಪು ಆಕಾಶ, ಕೆಳಗೆ ಒಂದು ಸಣ್ಣ ವಿಮಾನ. ಮೇಲಿನಿಂದ ಬಣ್ಣಬಣ್ಣದ ಹುಳಗಳು ಸಾಲುಕಟ್ಟಿ, ಸುತ್ತು ಹೊಡೆದು, ಎರಗಿ ಬರುತ್ತಿದ್ದವು. ಎಡಗೈಯಲ್ಲಿ ಹಿಡಿ ಆಡಿಸಬೇಕು, ಬಲಗೈಯಲ್ಲಿ ಗುಂಡಿ ಒತ್ತಿ ಹೊಡೆಯಬೇಕು. ಒಂದು ಬಿಲ್ಲೆ ಹಾಕಿದರೆ ಮೂರು ಜೀವ. ಮೊದಲ ಸಲ ಅದರ ಮುಂದೆ ನಿಂತಾಗ ನನಗೆ ಬೇರೆಯೇ ಒಂದು ಲೋಕದ ಬಾಗಿಲು ತೆರೆದ ಹಾಗಾಗಿತ್ತು. ಅಲ್ಲಿ ಯಾರ ಕೈ ಮುಟ್ಟಿದ ಹಿಡಿಯನ್ನಾದರೂ ಯಾರಾದರೂ ಹಿಡಿಯುತ್ತಿದ್ದರು. ಮಲ್ಲಟದ ಹೋಟೆಲಿನಲ್ಲಿ ನಮಗೆ ಬೇರೆ ಚಹಾ ಕಪ್ಪು ಇಡುತ್ತಿದ್ದರು. ಇಲ್ಲಿ ವಕೀಲರ ಮಗ ಬೆವರು ಒರೆಸಿಕೊಂಡು ಬಿಟ್ಟ ಹಿಡಿಯನ್ನು ನಮ್ಮ ಓಣಿಯ ಹುಡುಗ ಹಿಡಿಯುತ್ತಿದ್ದ. ಅವನು ಬಿಟ್ಟದ್ದನ್ನು ಇನ್ನೊಬ್ಬ. ಪೆಟ್ಟಿಗೆ ಯಾರ ಓಣಿಯನ್ನೂ ಕೇಳುತ್ತಿರಲಿಲ್ಲ. ಆ ಹಾಲಿನ ಬಾಗಿಲಲ್ಲಿ ಕೂತವನು ನಾನು ಅಂತ ನನಗೆ ಎಷ್ಟು ಸೊಕ್ಕಿತ್ತು ಅಂದರೆ, ಹೇಳಲು ಈಗ ನಾಚಿಕೆಯಾಗುತ್ತದೆ.

ಸೊಕ್ಕಿಗೆ ಇನ್ನೊಂದು ಕಾರಣ ನಮ್ಮ ಗೋಡೆ. ಅದನ್ನು ಸರಿಯಾಗಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಯಾರು ಎಷ್ಟು ಅಂಕ ಹೊಡೆದರು ಅನ್ನುವುದನ್ನು ಪೆಟ್ಟಿಗೆ ತನ್ನೊಳಗೆ ಇಟ್ಟುಕೊಳ್ಳುತ್ತಿತ್ತು, ಆದರೆ ಕರೆಂಟು ಹೋದರೆ ಎಲ್ಲ ಮರೆತುಬಿಡುತ್ತಿತ್ತು. ರಾಯಚೂರಿನಲ್ಲಿ ಕರೆಂಟು ಹೋಗದ ದಿನ ಯಾವುದು? ಊರ ಆಚೆ ಕೃಷ್ಣೆಯ ದಂಡೆಯಲ್ಲಿ ಕರೆಂಟು ಮಾಡುವ ದೊಡ್ಡ ಚಿಮಣಿಗಳು ಹೊಗೆ ಬಿಡುತ್ತಿದ್ದವು, ನಮ್ಮ ಹಾಲು ಮಾತ್ರ ಕತ್ತಲಾಗುತ್ತಿತ್ತು. ಕರೆಂಟು ಬಂದ ಮೇಲೆ ಹುಡುಗರು ಜಗಳ ಹಚ್ಚುತ್ತಿದ್ದರು. "ನನ್ನದು ಹೆಚ್ಚಿತ್ತು." "ನಿನ್ನಪ್ಪನದು ಹೆಚ್ಚಿತ್ತು, ಹೋಗಲೇ." ಅದಕ್ಕೆ ನಾನೊಂದು ಪದ್ಧತಿ ಮಾಡಿದೆ. ಪ್ರತಿ ಪೆಟ್ಟಿಗೆಯ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎಲ್ಲಕ್ಕಿಂತ ಮೇಲಿನ ಮೂರು ಅಂಕ, ಎದುರಿಗೆ ಹೆಸರು. ನಾನು ಕಣ್ಣಾರೆ ಕಂಡಿದ್ದರೆ ಮಾತ್ರ ಬರೆಯುವುದು. ನಾನು ಬರೆದರೆ ಅದೇ ಖರೆ. ಕಾಲೇಜಿನ ಹುಡುಗರು ಸಹ ನನ್ನ ಹೆಗಲ ಮೇಲೆ ಕೈ ಹಾಕಿ, "ಬರೀ ಭಯ್ಯಾ, ನೋಡಿದಿಯಲ್ಲ, ಬರೀ" ಅನ್ನುತ್ತಿದ್ದರು. ನಾಲ್ಕನೇ ತರಗತಿಯವನ ಅಕ್ಷರಕ್ಕೆ ಅಷ್ಟು ಬೆಲೆ ಬೇರೆಲ್ಲೂ ಇರಲಿಲ್ಲ.

ತಂಗಿ ಆಗ ಪಿಯುಸಿ. ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಮನೆಗೆ ಹೋಗಿ ನನಗೆ ಬುತ್ತಿ ತರುತ್ತಿದ್ದಳು. ಬಿಸಿಲಿನ ಹೊತ್ತು, ಹಾಲಿನಲ್ಲಿ ಯಾರೂ ಇರುತ್ತಿರಲಿಲ್ಲ. ನಾನು ರೊಟ್ಟಿ ತಿನ್ನುವಾಗ ಅವಳು ಹುಳದ ಆಟದ ಮುಂದೆ ನಿಂತು, ಬಿಲ್ಲೆ ಹಾಕದಿದ್ದಾಗ ಪೆಟ್ಟಿಗೆ ತನ್ನಷ್ಟಕ್ಕೆ ತೋರಿಸುವ ಆಟ ನೋಡುತ್ತಿದ್ದಳು. ತುಂಬ ದಿನ ಬರೀ ನೋಡಿದಳು. ಒಂದು ದಿನ ಅಂದಳು:

"ಯಣ್ಣಾ, ಇವು ಹೆಂಗ ಬೇಕೋ ಹಂಗ ಬರಂಗಿಲ್ಲ. ಲೆಕ್ಕದಾಗ ಬರ್ತಾವ."

"ಏನ್ ಲೆಕ್ಕ? ಹುಳ ಅವು."

"ಹುಳ ಅಲ್ಲ. ಯಾರೋ ಕುಂತು ಬರದಿಟ್ಟಾರ. ಎಡಕ್ಕ ಮೂರು ಬಂದ್ರ ಮುಂದ ಬಲಕ್ಕ ದೊಡ್ಡದು ಬರ್ತದ. ಬೇಕಾರ ನೋಡು."

ನೋಡಿದೆ. ಬಂತು. ನಗುತ್ತಲೇ ಒಂದು ಬಿಲ್ಲೆ ಹಾಕಿ ಕೊಟ್ಟೆ. ಮೊದಲ ದಿನ ಬೇಗ ಸೋತಳು. ಸೋತಾಗ ಹುಡುಗರ ಹಾಗೆ ಪೆಟ್ಟಿಗೆಗೆ ಒದೆಯಲಿಲ್ಲ. ಕಣ್ಣು ಮುಚ್ಚಿ ನಿಂತು ಬೆರಳಿನಿಂದ ಗಾಳಿಯಲ್ಲಿ ಏನೋ ಎಣಿಸಿದಳು. ಎರಡು ತಿಂಗಳು ಕಳೆಯುವುದರೊಳಗೆ ಅವಳ ಆಟ ನೋಡುತ್ತ ನನ್ನ ಕೈಯ ರೊಟ್ಟಿ ಕೈಯಲ್ಲೇ ಒಣಗುತ್ತಿತ್ತು. ಹುಳ ಬರುವ ಜಾಗಕ್ಕೆ ಅವಳ ಗುಂಡು ಮೊದಲೇ ಹೋಗಿರುತ್ತಿತ್ತು. ಹೀಗೆ ಮಂದಿ ಆಡಬಲ್ಲರು ಅಂತ ನನಗೆ ಗೊತ್ತೇ ಇರಲಿಲ್ಲ. ಆಡುವಾಗ ಅವಳ ಮುಖದಲ್ಲಿ ಬೇರೆ ಯಾರೋ ಇರುತ್ತಿದ್ದರು. ಮನೆಯಲ್ಲಿ ತಲೆ ತಗ್ಗಿಸಿ ಪಾತ್ರೆ ತಿಕ್ಕುವವಳಲ್ಲ. ಆ ಕಪ್ಪು ಆಕಾಶ ಪೂರ್ತಿ ತನ್ನದೇ ಅನ್ನುವ ಹಾಗೆ ನಿಲ್ಲುತ್ತಿದ್ದಳು.

ಒಂದು ಮಧ್ಯಾಹ್ನ ಅವಳ ಅಂಕ ಗೋಡೆಯ ಮೇಲಿನ ಎಲ್ಲರನ್ನೂ ದಾಟಿತು. ಸ್ವಲ್ಪವಲ್ಲ, ಎರಡನೆಯವನ ಎರಡು ಪಟ್ಟು. ನಾನು ಅಂಕ ಬರೆದೆ. ಹೆಸರಿನ ಜಾಗದಲ್ಲಿ ಒಂದು ಗೀಟು ಎಳೆದೆ.

"ನನ್ನ ಹೆಸರು?" ಅಂದಳು.

"ಹುಡುಗಿ ಹೆಸರು ಬರದ್ರ ನಾಳಿ ಹಾಲಿನ ಮುಂದ ಮಂದಿ ಕೂಡ್ತಾರ. ದೇವದುರ್ಗದಿಂದ ಬೀಗರು ನಿನ್ನ ನೋಡಾಕ ಬರಾಕತ್ತಾರ. ಸುಮ್ನಿರು, ಆಮ್ಯಾಲ ಬರೀತೀನಿ."

ಸಂಜೆ ಹುಡುಗರು ಬಂದು ಬಾಯಿ ಬಿಟ್ಟು ನಿಂತರು. "ಯಾರಲೇ ಇವ? ಯಾರದು ಭಯ್ಯಾ ಇದು?" ನನ್ನ ಬಾಯಿಗೆ ಬಂದದ್ದು ಹೇಳಿದೆ. "ಹೈದ್ರಾಬಾದಿನಾವ ಒಬ್ಬ ಬಂದಿದ್ದ. ಮಧ್ಯಾಹ್ನ ಆಡಿ ಹೋದ."

ಅಲ್ಲಿಂದ ಅವನು ಹುಟ್ಟಿದ. ಆ ಹೈದರಾಬಾದಿನವನ ಕಥೆ ಬೆಳೆದದ್ದು ನೋಡಿದರೆ ನಗು ಬರುತ್ತಿತ್ತು. ಒಬ್ಬ ಅವನಿಗೆ ಕನ್ನಡಕ ಹಾಕಿದ. ಇನ್ನೊಬ್ಬ, ಅವನು ಎಡಗೈಯಲ್ಲಿ ಗುಂಡಿ ಒತ್ತುತ್ತಾನೆ ಅಂದ. "ನಾ ಬಸ್ ಸ್ಟ್ಯಾಂಡಿನ್ಯಾಗ ನೋಡೀನಿ, ಉದ್ದನ್ನ ಕೂದಲು, ಬೂಟು" ಅಂತ ಮೂರನೆಯವ ಆಣೆ ಮಾಡಿದ. ಅವನ ಹಾಗೆ ಮೊಣಕೈ ಎತ್ತಿ ಆಡಬೇಕಂತೆ, ಅವನು ಆಡುವ ಮೊದಲು ಬಿಲ್ಲೆಯನ್ನು ಹಣೆಗೆ ಒತ್ತಿಕೊಳ್ಳುತ್ತಾನಂತೆ. ಎಲ್ಲರೂ ಬಿಲ್ಲೆಯನ್ನು ಹಣೆಗೆ ಒತ್ತಿಕೊಳ್ಳಲು ಶುರುಮಾಡಿದರು. ರಜೆಯ ದಿನ ಬೇಗ ಬಂದಾಗ ತಂಗಿ ಬುತ್ತಿ ಹಿಡಿದು ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದಳು. ಮೊದಮೊದಲು ಅವಳಿಗೂ ನಗು. "ಯಣ್ಣಾ, ನಿನ್ನ ಹೈದ್ರಾಬಾದಿನಾವ ಇವತ್ತ ಪುಂಡಿಪಲ್ಯ ತಿಂತಾನೋ ಇಲ್ಲೋ, ಕೇಳು" ಅನ್ನುತ್ತಿದ್ದಳು. ಆಮೇಲೆ ನಗು ಕಡಿಮೆಯಾಯಿತು. "ಯಾವಾಗ ಬರೀತಿ?" "ನಾಳಿಗಿ." "ನಿನ್ನಿನೂ ನಾಳಿಗಿ ಅಂದಿದ್ದಿ." ಕೊನೆಗೆ ಕೇಳುವುದನ್ನೇ ಬಿಟ್ಟಳು, ಆದರೆ ಆಡುವುದನ್ನು ಬಿಡಲಿಲ್ಲ. ಹೊಸ ಅಂಕ ಹೊಡೆದಾಗಲೆಲ್ಲ ನಾನು ಹಳೆಯದನ್ನು ಅಳಿಸಿ ಹೊಸದು ಬರೆಯುತ್ತಿದ್ದೆ, ಮುಂದೆ ಅದೇ ಗೀಟು.

ಸಂತೆಯ ದಿನಗಳಲ್ಲಿ ಸಾಹುಕಾರ ಒಂದು ಪೆಟ್ಟಿಗೆಯನ್ನು ಟೆಂಪೋಗೆ ಹಾಕಿ, ಜನರೇಟರ್ ಕೊಟ್ಟು ನನ್ನನ್ನು ಮಾನ್ವಿಗೆ, ದೇವದುರ್ಗಕ್ಕೆ ಕಳಿಸುತ್ತಿದ್ದ. ಆ ರಸ್ತೆಗಳ ಕುಣಿಗಳಲ್ಲಿ ಪೆಟ್ಟಿಗೆಯನ್ನು ಅಪ್ಪಿಕೊಂಡು ಕೂರುತ್ತಿದ್ದೆ. ದೇವದುರ್ಗದಲ್ಲಿ ಒಬ್ಬ ಕುರಿಗಾರ ಆಟವನ್ನು ಬಹಳ ಹೊತ್ತು ನೋಡಿ ಕೇಳಿದ: "ಇವ ಸತ್ರ ಮತ್ತ ಎದ್ದು ಬರ್ತಾನೇನು?" ಮೂರು ಸಲ ಬರುತ್ತಾನೆ ಅಂದೆ. "ನಮ್ಮ ಕುರಿಗಿ ಇಂಥಾದೊಂದು ಇದ್ರ ತೊಗೊಂಡ ಬಾರಪಾ" ಅಂದ. ಎಲ್ಲರೂ ನಕ್ಕರು. ಆ ಕಥೆಯನ್ನು ತಂಗಿಗೆ ಹೇಳಿದಾಗ ಅವಳು ನಗಲಿಲ್ಲ. "ಅಲ್ಲಿಯಾದ್ರೂ ನನ್ನ ಹೆಸರು ಹೇಳಿದ್ಯಾ?" ಅಂದಳು.

ಆ ವರ್ಷ ಹಾಲಿನ ಮೇಲಿನ ಮಾಳಿಗೆಯಲ್ಲಿ ಕಂಪ್ಯೂಟರ್ ಕ್ಲಾಸ್ ಶುರುವಾಗುವುದಿತ್ತು. ನಡೆಸುವವನು ಸಾಹುಕಾರನ ಪರಿಚಯದವ, ಹೊರಗೆ ಓದಿ ಬಂದವ. ಎಲ್ಲರೂ ಸರ್ ಅನ್ನುತ್ತಿದ್ದರು. ರಾಯಚೂರಿನಲ್ಲಿ ಆಗ ಕಂಪ್ಯೂಟರ್ ಅಂದರೆ ಕಂಡವರೇ ಇಲ್ಲ. ಒಂದು ಭಾನುವಾರ ಬೆಳಿಗ್ಗೆ ಸರ್ ಹಾಲಿಗೆ ಬಂದರು. ಹುಡುಗರು ತುಂಬಿದ್ದರು. ತಂಗಿಯೂ ಬಂದಿದ್ದಳು, ಕಾಲೇಜಿಗೆ ರಜೆ ಅಂತ ಬುತ್ತಿ ಬೇಗ ತಂದಿದ್ದಳು. ಸರ್ ಗೋಡೆಯ ಮೇಲಿನ ಅಂಕವನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು.

"ಈ ಅಂಕ ಯಾರದು?"

"ಹೈದ್ರಾಬಾದಿನಾವಂದು ಸರ್" ಅಂತ ಹುಡುಗರು ಕೂಗಿದರು.

"ಅದೆಲ್ಲ ಬಿಡ್ರಿ. ಇಲ್ಲಿತನಕ ಹೋಗಬೇಕಂದ್ರ ಈ ಆಟದ ಒಳಗಿನ ಲೆಕ್ಕ ಹಿಡಿದಿರಬೇಕು. ನನಗ ಕಂಪ್ಯೂಟರಿಗೆ ಅಂಥಾ ತಲಿನೇ ಬೇಕು. ಆ ಹುಡುಗ ಈ ಊರಾಗಿದ್ರ ನಾ ಪುಕ್ಕಟೆ ಕಲಿಸ್ತೀನಿ. ಮೊದಲನೇ ಬ್ಯಾಚಿನ್ಯಾಗ ಒಂದು ಸೀಟು ಅವಂಗ." ನನ್ನ ಕಡೆ ತಿರುಗಿದರು. "ಗೋಡಿ ಮ್ಯಾಲ ನೀನೇ ಬರಿಯೋದಂತಲ್ಲ. ಕಣ್ಣಿಲೆ ನೋಡಿಯೇನು?"

"ನೋಡೀನ್ರಿ ಸರ್."

"ಹಂಗಾದ್ರ ಯಾರಂತ ಹೇಳು."

ತಂಗಿ ಹಿಂದಿನಿಂದ ನನ್ನ ಅಂಗಿಯ ಚುಂಗು ಹಿಡಿದಳು. "ಯಣ್ಣಾ, ಹೇಳು" ಅಂದಳು, ನನಗಷ್ಟೇ ಕೇಳುವ ಹಾಗೆ.

ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ, ಅವಳ ಮಾನ ಕಾಯಲು ಹಾಗೆ ಮಾಡಿದೆ, ಸಂಬಂಧ ಕೆಡಬಾರದು ಅಂತ ಮಾಡಿದೆ ಅಂತ. ಸುಳ್ಳು. ಆ ಕ್ಷಣದಲ್ಲಿ ನನಗೆ ದೇವದುರ್ಗದ ಬೀಗರ ನೆನಪೇ ಇರಲಿಲ್ಲ. ನನಗಿದ್ದದ್ದು ಹೊಟ್ಟೆಕಿಚ್ಚು. ಅವಳನ್ನು ಎತ್ತಿಕೊಳ್ಳಲು ನನ್ನ ಶಾಲೆ ಹೋಯಿತು. ಅವಳಿಗೆ ಶಾಲೆ ಸಿಕ್ಕಿತು, ಕಾಲೇಜು ಸಿಕ್ಕಿತು. ಈಗ ನನ್ನ ಹಾಲಿಗೆ ಬಂದು, ನನ್ನ ಬಿಲ್ಲೆಯಲ್ಲಿ ಆಡಿ, ಇದನ್ನೂ ಅವಳೇ ತೆಗೆದುಕೊಳ್ಳುವುದೇ? ಆ ಸರ್ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ನನ್ನ ಹಾಗೆ ಇರುವವನನ್ನು ಅಂಥವರು ಹಾಗೆ ನೋಡಿದ್ದು ನನಗೆ ಗೊತ್ತಿರಲಿಲ್ಲ.

"ನಾನೇ ಸರ್" ಅಂದೆ.

ಹಾಲಿನಲ್ಲಿ ಗದ್ದಲ ಎದ್ದಿತು. "ಅರೆ ಭಯ್ಯಾ, ನೀನಾ? ಮತ್ತ ಹೈದ್ರಾಬಾದಿನಾವ?" "ಇವನೇ ಲೇ ಹೈದ್ರಾಬಾದಿನಾವ!" ನನ್ನನ್ನು ಎಳೆದು ಪೆಟ್ಟಿಗೆಯ ಮುಂದೆ ನಿಲ್ಲಿಸಿದರು. ಸರ್ ಕೈ ಕಟ್ಟಿ ನಿಂತರು. ಬಿಲ್ಲೆ ಹಾಕಿದೆ. ಹಿಡಿ ಹಿಡಿದೆ. ದಿನವೂ ಅವಳ ಆಟ ನೋಡಿದ್ದೆನಲ್ಲ, ಬಂದೇ ಬರುತ್ತದೆ ಅಂದುಕೊಂಡಿದ್ದೆ. ಮೊದಲ ಜೀವ ಹೋಯಿತು. ಎರಡನೆಯದು ಅದಕ್ಕಿಂತ ಬೇಗ. ಮೂರನೆಯದೂ ಉಳಿಯಲಿಲ್ಲ. ಹುಡುಗರು ನಗಲು ಶುರುಮಾಡಿದ್ದರು. ಒಬ್ಬ, "ಹಣಿಗಿ ಹಚ್ಚಿಕೊಳ್ಳಲಿಲ್ಲಲೇ ಬಿಲ್ಲಿ!" ಅಂದ.

ಆಗ ತಂಗಿ ಮುಂದೆ ಬಂದಳು. ಬುತ್ತಿಯನ್ನು ನೆಲಕ್ಕಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಸರ್, ನಾ ಆಡ್ತೀನ್ರಿ. ಯಣ್ಣಾ, ಒಂದು ಬಿಲ್ಲಿ ಕೊಡು" ಅಂದಳು.

"ಬುತ್ತಿ ತಂದಾಕಿ ಆಡ್ತಾಳಂತೋ!" ಯಾರೋ ಕೂಗಿದರು. ನಗು ಇನ್ನೂ ಜೋರಾಯಿತು.

ಸರ್ ನಗಲಿಲ್ಲ. ನನ್ನನ್ನು ಕೇಳಿದರು, "ಯಾರು ಈಕಿ?"

ಬಿಲ್ಲೆಯ ಡಬ್ಬಿ ನನ್ನ ಕೈಯಲ್ಲೇ ಇತ್ತು. ಒಂದು ಬಿಲ್ಲೆ ಕೊಟ್ಟಿದ್ದರೆ ಸಾಕಿತ್ತು, ನಾನು ಬಾಯಿ ತೆರೆಯುವುದೂ ಬೇಕಿರಲಿಲ್ಲ. ಉಳಿದದ್ದನ್ನು ಅವಳ ಕೈಯೇ ಹೇಳುತ್ತಿತ್ತು. ನಾನು ಡಬ್ಬಿಯ ಮುಚ್ಚಳ ಒತ್ತಿ ಹಾಕಿದೆ.

"ನನ್ನ ತಂಗಿರಿ ಸರ್. ಅಕಿಗೇನೂ ಗೊತ್ತಿಲ್ಲ." ಅವಳ ರಟ್ಟೆ ಹಿಡಿದು ಬಾಗಿಲ ಕಡೆ ತಳ್ಳಿದೆ. "ನಡಿ ಮನಿಗಿ. ಗಂಡುಹುಡುಗರ ನಡುವ ಏನದ ನಿನ್ನ ಕೆಲಸ?"

ಅವಳು ನನ್ನನ್ನು ನೋಡಿದ್ದು ಮಾತ್ರ ಬರೆಯಲು ಆಗುವುದಿಲ್ಲ. ಹೋದಳು. ಸರ್, "ಗೋಡಿ ಮ್ಯಾಲಿಂದೆಲ್ಲ ಬೊಗಳೆ ಹಂಗಾದ್ರ" ಅಂದು ಮೇಲೆ ಹತ್ತಿದರು. ಹುಡುಗರು ಅಂಗೈಯಿಂದ ಗೋಡೆಯನ್ನೆಲ್ಲ ಒರೆಸಿ ಹಾಕಿದರು, ಖರೆ ಅಂಕಗಳನ್ನೂ ಸೇರಿಸಿ. ಆ ಸೀಟು ಯಾರಿಗೂ ಸಿಗಲಿಲ್ಲ.

ರಾತ್ರಿ ಅವಳು ಎಂದಿನಂತೆ ನನಗೆ ಬಡಿಸಿದಳು. ಅಪ್ಪ ಅವ್ವನಿಗೆ ಏನೂ ಹೇಳಲಿಲ್ಲ. ಮರುದಿನ ನೀರು ತುಂಬುವಾಗ ಕೇಳಿದಳು: "ಸೋತಾವ ನೀನು. ಮತ್ತ ನನ್ನ್ಯಾಕ ಹೊರಗ ಹಾಕಿದಿ?" ನಾನು ಅಣ್ಣನ ದನಿಯಲ್ಲಿ ಗದರಿಸಿ ಸುಮ್ಮನಾಗಿಸಿದೆ. ಆಮೇಲೆ ಅವಳು ಹಾಲಿಗೆ ಬರಲಿಲ್ಲ. ಬುತ್ತಿಯನ್ನು ಪಕ್ಕದ ಮನೆಯ ಹುಡುಗನ ಕೈಯಲ್ಲಿ ಕಳಿಸುತ್ತಿದ್ದಳು.

ಕೆಟ್ಟುಹೋದಳು ಅಂತಲ್ಲ. ಟಿಸಿಎಚ್ ಮಾಡಿದಳು, ದೇವದುರ್ಗದ ಕಡೆ ಶಾಲೆಯಲ್ಲಿ ಟೀಚರ್ ಆದಳು, ಅಲ್ಲೇ ಮದುವೆಯೂ ಆಯಿತು. ಮಂದಿ ನನಗೆ, "ತಂಗೀನ ದಡ ಮುಟ್ಟಿಸಿದಿ ನೋಡು" ಅನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಮೈಯೆಲ್ಲ ಉರಿಯುತ್ತಿತ್ತು. ಕಟ್ಟೆಯ ಕೆಳಗೆ ನಿಲ್ಲಿಸಿದವರ ಮೇಲೆ ನನಗೆ ಹುಟ್ಟಿನಿಂದ ಸಿಟ್ಟು. ಅವರಿಗೆ ನೂರು ಬೈಗುಳ ಬೈದಿದ್ದೇನೆ. ಆದರೆ ನನ್ನ ಕೈಗೆ ಒಂದು ಬಾಗಿಲು ಸಿಕ್ಕಾಗ ನಾನು ಮೊದಲು ಹೊರಗೆ ಹಾಕಿದ್ದು ಸ್ವಂತ ತಂಗಿಯನ್ನು. ಆ ಮುದುಕನಾದರೂ ಅವಳು ಹೇಳಿದ ಕುರಿಯನ್ನು ನಡೆಸಿದ್ದ.

ತೊಂಬತ್ತರ ದಶಕ ಶುರುವಾಗಿತ್ತು. ಪೆಟ್ಟಿಗೆಗಳು ಹಳತಾಗಿದ್ದವು. ಒಂದು ಸಂತೆಯ ದಿನ ದೇವದುರ್ಗದಲ್ಲಿ ಹುಳದ ಆಟ ಹಚ್ಚಿಕೊಂಡು ನಿಂತಿದ್ದೆ. ತಂಗಿ ಕಾಯಿಪಲ್ಯದ ಚೀಲ ಹಿಡಿದು ಆ ದಾರಿಯಲ್ಲೇ ಬಂದಳು. ನನ್ನನ್ನು ನೋಡಿ ನಿಂತಳು. ಒಬ್ಬ ಹುಡುಗ ಆಡುತ್ತಿದ್ದ. ಅವಳ ಕಣ್ಣು ಗಾಜಿನ ಮೇಲೆ ಹೋಯಿತು, ತುಟಿ ತನ್ನಷ್ಟಕ್ಕೆ ಎಣಿಸತೊಡಗಿತು. ಹುಡುಗ ಸೋತ. ಅವನು ಸೋಲುವುದಕ್ಕೆ ಸ್ವಲ್ಪ ಮೊದಲೇ ಅವಳು ಮುಖ ತಿರುಗಿಸಿದ್ದಳು.

"ಒಂದಾಟ ಆಡ್ತಿಯೇನು?" ಅಂದೆ.

"ಬ್ಯಾಡ."

ಬಗ್ಗಿ, ಸಣ್ಣ ದನಿಯಲ್ಲಿ, "ಅವತ್ತಿಂದು ನಂದು ತಪ್ಪು ತಂಗಿ" ಅಂದೆ.

ಅವಳಿಗೆ ಎಂಥ ಸಿಟ್ಟು ಬಂತೆಂದರೆ ಚೀಲ ಕೆಳಗಿಟ್ಟಳು. "ಇಲ್ಲಿ ಹೇಳ್ತಿಯೇನು? ಸಂತ್ಯಾಗ, ಜನರೇಟರ್ ಸಪ್ಪಳದಾಗ, ನನಗೂ ಕೇಳಿಸದಂಗ? ಸುಳ್ಳು ಎಲ್ಲಿ ಹೇಳಿದಿ? ಯಾರ ಮುಂದ ಹೇಳಿದಿ?"

"ರಾಯಚೂರಾಗ..."

"ಹೂಂ. ಹಂಗಾದ್ರ ಅಲ್ಲಿ ಹೇಳು. ಆ ಸರ್ ಮುಂದ ಹೇಳು. ನಾ ಬಂದು ನಿಂದ್ರತೀನಿ. ಆಗದಿದ್ರ ಬಾಯಿ ಮುಚ್ಚಿಕೊಂಡಿರು, ಇಷ್ಟು ದಿನ ಇದ್ದಿಯಲ್ಲ, ಹಂಗ."

"ಈಗ ಹೇಳಿದ್ರ ಏನು ಬಂತಬೇ? ಸೀಟು ಹೋತು."

"ಸೀಟು ಹೋತು, ಗೊತ್ತದ ನನಗ. ಆ ಸರ್ ಇವತ್ತಿಗೂ ನನಗೇನೂ ಗೊತ್ತಿಲ್ಲಂತ ತಿಳಕೊಂಡಾರಲ್ಲ, ಅದು ಹೋಗಬೇಕು."

ಮುಂದಿನ ಭಾನುವಾರ ಅವಳು ದೇವದುರ್ಗದ ಬಸ್ಸಿಗೆ ಬಂದಳು. ನಾನು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಮಾಳಿಗೆಯ ಮೇಲೆ ಕ್ಲಾಸ್ ನಡೆಯುತ್ತಿತ್ತು. ಚಪ್ಪಲಿ ಹೊರಗೆ ಬಿಡಬೇಕು, ಧೂಳು ಬರಬಾರದು ಅಂತ ಬೋರ್ಡು ಇತ್ತು. ಬಿಟ್ಟೆವು. ಒಳಗೆ ಹುಡುಗರು ಒಂದೊಂದು ಯಂತ್ರದ ಮುಂದೆ ಇಬ್ಬಿಬ್ಬರಂತೆ ಕೂತಿದ್ದರು. ನನಗೆ ಗುರುತಿದ್ದ ಒಬ್ಬಿಬ್ಬರು ಅವರಲ್ಲಿದ್ದರು, ಅವತ್ತು ನಕ್ಕವರು. ಇಬ್ಬರು ಹುಡುಗಿಯರೂ ಇದ್ದರು. ತಂಗಿ ಯಂತ್ರದ ಗುಂಡಿಗಳ ಮೇಲಿನ ಅವರ ಬೆರಳುಗಳನ್ನೇ ನೋಡುತ್ತ ನಿಂತಳು. ಎಲ್ಲಕ್ಕಿಂತ ಹೆಚ್ಚು ಅದೇ ನನ್ನನ್ನು ಕೊಂದಿತು.

ಸರ್ ನನ್ನ ಗುರುತು ಹಿಡಿಯಲು ಹೊತ್ತು ತೆಗೆದುಕೊಂಡರು. "ಏನಪಾ, ಏನು ಬೇಕಿತ್ತು?"

ಗಟ್ಟಿಯಾಗಿ ಹೇಳಬೇಕು ಅಂತ ಹೊಟ್ಟೆಯಿಂದ ದನಿ ತೆಗೆದೆ. ಹುಡುಗರೆಲ್ಲ ಕೈ ನಿಲ್ಲಿಸಿ ತಿರುಗಿದರು.

"ಸರ್, ಕೆಳಗಿನ ಹಾಲಿನ್ಯಾಗ ಹುಳದ ಆಟಕ್ಕ ಎಲ್ಲಾರಕಿಂತ ಹೆಚ್ಚು ಅಂಕ ಬಂದಿತ್ತು. ಯಾರದಂತ ನೀವು ಕೇಳಿದ್ರಿ. ನಂದಂತ ಸುಳ್ಳ ಹೇಳಿದ್ನಿ. ಹೈದ್ರಾಬಾದಿನಾವ ಅನ್ನಾವ ಯಾರೂ ಇರಲಿಲ್ರಿ, ಅದೂ ನಾ ಹುಟ್ಟಿಸಿದ್ದು. ಆಡಿದಾಕಿ ಇಕಿ. ಅವತ್ತ ಬಿಲ್ಲಿ ಕೇಳಿದಾಕಿನೂ ಇಕಿನೇ. ನಾ ಕೊಡಲಿಲ್ಲ."

ಸರ್ ತಂಗಿಯನ್ನು ನೋಡಿದರು. ಕುರ್ಚಿಯಿಂದ ಎದ್ದು ನಿಂತರು. "ಆ ಹುಳದ ಲೆಕ್ಕ ಹೆಂಗ ಹಿಡಿದ್ರಿ?" ಅಂತ ಬಹುವಚನದಲ್ಲಿ ಕೇಳಿದರು.

"ಹೇಳ್ತೀನ್ರಿ ಸರ್. ಅದಕ್ಕಿಂತ ಮೊದಲ ನಮ್ಮಣ್ಣನ ಮಾತು ಇನ್ನಾ ಮುಗದಿಲ್ಲ" ಅಂದು ನನ್ನ ಕಡೆ ತಿರುಗಿ ಕಾಯ್ದಳು.

ಅವಳಿಗೆ ಎದುರಾಗಿ ನಿಂತೆ. ಹಿಂದೆ ಯಾರೋ ಕೆಮ್ಮಿದರು. ನಾನು ದನಿ ತಗ್ಗಿಸಲಿಲ್ಲ.

"ತಂಗೆವ್ವಾ, ನಿನಗೇನೂ ಗೊತ್ತಿಲ್ಲಂತ ನಾ ಅಂದಿದ್ದೆ. ಎಲ್ಲಾ ಗೊತ್ತಿದ್ದೂ ಅಂದೆ. ಮಾನಕ್ಕಂಜಿ ಅನಲಿಲ್ಲ, ಹೊಟ್ಟಿಕಿಚ್ಚಿಗೆ ಅಂದೆ. ನಿನ್ನ ರಟ್ಟಿ ಹಿಡಿದು ದಬ್ಬಿದೆ. ತಪ್ಪಾಗ್ಯದ. ಇವರೆಲ್ಲಾರ ಮುಂದ ಕೇಳಾಕತ್ತೀನಿ, ನನ್ನ ಮಾಫ್ ಮಾಡು."